ಗೋಡೆಗೆ ಗೋಡೆ ಅಂಟಿದ ಮನೆಯಲ್ಲೂ ಒಂಟಿತನವೇ?

ಪ್ರಶ್ನೆ: ಉತ್ತರ ಬೆಂಗಳೂರಿನ ಸಿಂಗಾಪುರದಲ್ಲಿ ಶೀಟು ಮನೆಗಳ ಒಂದು ಸಾಲಿನಲ್ಲಿ ನಮ್ಮ ವಾಸ. ಪಕ್ಕದ ಮನೆಯಲ್ಲಿ ಒಂದೇ ಕೋಣೆಗೆ ಆರು ಜನ. ಅವರಲ್ಲೊಬ್ಬರು ಎಪ್ಪತ್ತು ದಾಟಿದ ಅಜ್ಜಿ. ‘ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ ಕಣಮ್ಮ’ ಎಂದು ಮೊನ್ನೆ ಕಣ್ಣೀರು ಹಾಕಿದರು. ಒಂಟಿತನವೆಂದರೆ ದೊಡ್ಡ ಮನೆಗಳಲ್ಲಿ, ಮಕ್ಕಳು ವಿದೇಶಕ್ಕೆ ಹೋದವರಿಗೆ ಬರುವಂಥದ್ದು ಅಂದುಕೊಂಡಿದ್ದೆ. ಇಷ್ಟು ಜನರ ನಡುವೆ ಅದು ಹೇಗೆ ಬರುತ್ತದೆ? ನನ್ನಂಥವಳು ಏನು ಮಾಡಬಹುದು?
— ಒಬ್ಬ ಓದುಗರು, ಸಿಂಗಾಪುರ

ಉತ್ತರ: ಅಜ್ಜಿಯ ಮಾತನ್ನು ನಂಬಿ. ಆರು ಜನ ಇರುವುದು ರಾತ್ರಿ ಮಲಗುವ ಹೊತ್ತಿಗೆ. ಬೆಳಿಗ್ಗೆ ಎಂಟೂವರೆಯ ಮೇಲೆ ನಿಮ್ಮ ಸಾಲಿನಲ್ಲಿ ಒಮ್ಮೆ ನಡೆದು ನೋಡಿ. ಗಂಡಸರು ಕಟ್ಟಡದ ಕೆಲಸಕ್ಕೋ ಡ್ರೈವಿಂಗಿಗೋ ಹೋಗಿರುತ್ತಾರೆ, ಹೆಂಗಸರು ಗಾರ್ಮೆಂಟ್ಸಿಗೋ ವಿದ್ಯಾರಣ್ಯಪುರದ ಮನೆಗೆಲಸಕ್ಕೋ ಹೊರಟಿರುತ್ತಾರೆ, ಮಕ್ಕಳು ಸ್ಕೂಲಿನಲ್ಲಿ. ಮಿಕ್ಕವರು ಮುದುಕರು. ಸಂಜೆ ಎಲ್ಲರೂ ಬಂದರೂ ನೀರು ಹಿಡಿಯಬೇಕು, ಒಲೆ ಹಚ್ಚಬೇಕು. ಅದಾದ ಮೇಲೆ ಟಿವಿ, ಮೊಬೈಲು. ಅಜ್ಜಿಗೆ ಸಿಗುವುದು ‘ಉಂಡ್ಯಾ?’ ಅನ್ನುವ ಒಂದು ಮಾತು. ಅದೂ ಪ್ರೀತಿಯದೇ. ದುಡಿದು ಬಂದ ಸೊಸೆಯನ್ನು ದೂರಿ ಪ್ರಯೋಜನವಿಲ್ಲ, ಅವಳಿಗೂ ಕೂತು ಮಾತಾಡುವ ಬಿಡುವಿಲ್ಲ.

2017–18ರಲ್ಲಿ ದೇಶದಾದ್ಯಂತ ನಲವತ್ತೈದು ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ‘ಲಾಸಿ’ ಎಂಬ ದೊಡ್ಡ ಸಮೀಕ್ಷೆ ನಡೆಯಿತು. ಅದರ ಪ್ರಕಾರ ಅರವತ್ತು ದಾಟಿದವರಲ್ಲಿ ಒಬ್ಬರೇ ಬದುಕುತ್ತಿರುವವರು ನೂರಕ್ಕೆ ಸುಮಾರು ಆರು ಮಂದಿ. ಅಂದರೆ ನಮ್ಮಲ್ಲಿ ಬಹುಪಾಲು ವೃದ್ಧರು ಯಾರಾದರೂ ಇರುವ ಮನೆಯಲ್ಲೇ ಇದ್ದಾರೆ. ಅವರ ಒಂಟಿತನವನ್ನು ತಲೆ ಎಣಿಸಿ ಕಂಡುಹಿಡಿಯಲಾಗುವುದಿಲ್ಲ. ಆ ಪದವನ್ನೂ ಅವರು ಬಳಸುವುದಿಲ್ಲ. ‘ಹೊತ್ತೇ ಹೋಗಲ್ಲ’, ‘ಯೋಚ್ನೆ ಹತ್ಕೊಂಡೈತೆ’, ‘ದೇವರು ಯಾಕೋ ಕರ್ಕೊಳ್ಳಾಕಿಲ್ಲ’ ಎನ್ನುತ್ತಾರೆ. ಈ ಮೂರನೆಯದನ್ನು ನಾವು ಮುದುಕರ ವಾಡಿಕೆಯ ಮಾತೆಂದು ಕೇಳಿಸಿಕೊಂಡು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು.

ಬಡತನ ಇದಕ್ಕೆ ಹೇಗೆ ಸೇರಿಕೊಳ್ಳುತ್ತದೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ನಾನು ಬಲ್ಲ ಒಬ್ಬ ಅಜ್ಜಿ ತಮ್ಮ ಸ್ವಂತ ತಂಗಿಯ ಮೊಮ್ಮಗಳ ಮದುವೆಗೆ ಹೋಗಲಿಲ್ಲ. ‘ಮಂಡಿನೋವು’ ಎಂದರು. ಮನೆಯವರು ಹೊರಟ ಮೇಲೆ ಟ್ರಂಕು ತೆಗೆದು ಒಂದು ಸೀರೆ ಬಿಡಿಸಿ, ಅಂಚು ಹರಿದಿದ್ದ ಕಡೆ ಬೆರಳಾಡಿಸಿ, ಹಾಗೇ ಮಡಚಿ ಒಳಗಿಟ್ಟರು. ಆಮೇಲೆ ನನಗೆ ಹೇಳಿದ್ದು ಇಷ್ಟೆ: ‘ಮುಯ್ಯಿ ಮಾಡ್ದೆ ಉಣ್ಣಕ್ಕೆ ಹೆಂಗೆ ಕೂತ್ಕೊಳ್ಳಲಿ?’ ಐನೂರು ರೂಪಾಯಿಯ ಮುಯ್ಯಿ ಇಲ್ಲದ್ದಕ್ಕೆ ಒಂದು ಮದುವೆ ತಪ್ಪಿತು. ಮುಂದಿನ ನಾಮಕರಣಕ್ಕೆ ಕರೆಯುವವರು ಅನುಮಾನಿಸಿದರು, ಅದರ ಮುಂದಿನದಕ್ಕೆ ಕರೆಯಲೇ ಇಲ್ಲ. ಜಗಳವಿಲ್ಲ, ಮುನಿಸಿಲ್ಲ, ನಂಟು ಹಾಗೇ ಸವೆದುಹೋಯಿತು.

ಗಂಡಸರದು ಬೇರೆ ಬಗೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಹಮಾಲಿಗೆ ಗೆಳೆಯರೆಲ್ಲ ಆ ಮೂಟೆಗಳ ನಡುವೆಯೇ ಇರುತ್ತಾರೆ. ಬೆನ್ನು ಕೈಕೊಟ್ಟ ದಿನ ಕೂಲಿಯ ಜೊತೆಗೆ ಗೆಳೆಯರೂ ಹೋಗುತ್ತಾರೆ. ಟೀ ಅಂಗಡಿಯ ಬೆಂಚಿದೆ, ಆದರೆ ಟೀ ಕುಡಿಯದೆ ಎಷ್ಟು ಹೊತ್ತು ಕೂರುವುದು? ಕಲ್ಯಾಣ ಕರ್ನಾಟಕದ ಕಡೆಯಿಂದ ಮಗನ ಹಿಂದೆ ಬಂದ ತಂದೆತಾಯಿಯರ ಪಾಡು ಇನ್ನೂ ಕಷ್ಟ. ಅವರನ್ನು ಕರೆಸಿಕೊಳ್ಳುವುದು ಹಸುಗೂಸು ನೋಡಿಕೊಳ್ಳಲು. ಕೂಸು ಅಂಗನವಾಡಿಗೆ ಹೊರಟ ದಿನ ಅವರ ಕೆಲಸ ಮುಗಿಯಿತು. ಊರಿನ ಮನೆಗೆ ಬೀಗ, ಇಲ್ಲಿ ಅಕ್ಕಪಕ್ಕದವರ ಮಾತು ಒಂದು ಕಡೆ ತೆಲುಗು, ಇನ್ನೊಂದು ಕಡೆ ಹಿಂದಿ.

ಕಿವಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಅಜ್ಜಿ ಮಂಕಾಗಿದ್ದಾರೆ’ ಅನ್ನುವ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಕೇಳಿಸುತ್ತಿರುವುದಿಲ್ಲ, ಅಷ್ಟೆ. ಎರಡು ಸಲ ‘ಏನು?’ ಎಂದು ಕೇಳಿ, ಮೂರನೆಯ ಸಲ ಗದರಿಸಿಕೊಂಡವರು ನಾಲ್ಕನೆಯ ಸಲ ಕೇಳುವುದಿಲ್ಲ.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮೊದಲು ವೃದ್ಧಾಪ್ಯ ವೇತನವನ್ನು ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ತರುತ್ತಿದ್ದರು. ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎಣಿಸಿಕೊಟ್ಟು, ‘ಹೆಂಗಿದ್ದೀಯಜ್ಜಿ’ ಎಂದು ಕೇಳುತ್ತಿದ್ದರು. ಹತ್ತೋ ಇಪ್ಪತ್ತೋ ರೂಪಾಯಿ ಅವರೇ ಇಟ್ಟುಕೊಳ್ಳುತ್ತಿದ್ದರು ಎಂಬ ದೂರೂ ಇತ್ತು. ಈಗ ಹಣ ನೇರ ಖಾತೆಗೆ ಬೀಳುತ್ತದೆ, ಅದು ಒಳ್ಳೆಯದೇ. ಆದರೆ ತನ್ನ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದ ಒಬ್ಬ ಮನುಷ್ಯ ಅಜ್ಜಿಯ ತಿಂಗಳಿನಿಂದ ಇಲ್ಲವಾದ.

ಕೂರುವ ಜಾಗವೂ ಹೋಗಿದೆ. ಕೆರೆಯ ಪಕ್ಕದ ಹಳ್ಳಿಯಾಗಿದ್ದ ಸಿಂಗಾಪುರ ಬಡಾವಣೆಯಾದಂತೆ ಜಗಲಿಗಳು ಬೈಕು ನಿಲ್ಲಿಸುವ ಜಾಗಗಳಾದವು, ಇಲ್ಲವೇ ಬಾಡಿಗೆ ಮಳಿಗೆಗಳಾದವು. ನಿಮ್ಮ ಊರಿನ ಹೆಸರನ್ನೇ ಹೊತ್ತ ಆ ಇನ್ನೊಂದು ಸಿಂಗಾಪುರದಲ್ಲಿ ಸರ್ಕಾರ ಕಟ್ಟಿಸಿದ ವಸತಿ ಕಟ್ಟಡಗಳ ನೆಲಮಹಡಿಯನ್ನು ಬಹುತೇಕ ಖಾಲಿ ಬಿಟ್ಟಿದ್ದಾರೆ. ಮುದುಕರು ಅಲ್ಲಿ ಚದುರಂಗ ಆಡುತ್ತಾರೆ, ಮದುವೆಯೂ ಸಾವಿನ ವಿಧಿಯೂ ಅಲ್ಲೇ ನಡೆಯುತ್ತವೆ. ನಮ್ಮಲ್ಲಿ ಕೊಳೆಗೇರಿಯವರಿಗೆ ಕಟ್ಟಿಕೊಡುವ ಮೂರು ಮಹಡಿಯ, ಲಿಫ್ಟಿಲ್ಲದ ಮನೆಗಳಲ್ಲಿ ಮೇಲಿನ ಮಹಡಿ ಸಿಕ್ಕ ಮಂಡಿನೋವಿನ ಅಜ್ಜಿ ಮತ್ತೆ ಬೀದಿ ಕಾಣುವುದು ಆಸ್ಪತ್ರೆಗೆ ಹೋಗುವಾಗ. ನಕ್ಷೆ ಹಾಕುವವರು ಒಂದು ಜಗಲಿಯನ್ನಾದರೂ ನೆನಪಿಟ್ಟುಕೊಳ್ಳಲಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಇದು ಬರೀ ಮನಸ್ಸಿನ ಬೇಸರ ಎಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ ಎನ್ನುತ್ತದೆ. ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ ಎಂದು ಅಂದಾಜಿಸಿದೆ.

ಪರಿಹಾರದ ವಿಷಯದಲ್ಲಿ ನನ್ನನ್ನು ಬಹಳ ಕಾಡಿದ್ದು ಜಿಂಬಾಬ್ವೆ ದೇಶದ ಅಜ್ಜಿಯರು. ಅಲ್ಲಿಯ ಹರಾರೆ ನಗರದಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು ಬಡವರ ಬಡಾವಣೆಯ ಆಸ್ಪತ್ರೆಯ ಹೊರಗೆ ಮರದ ಬೆಂಚುಗಳ ಮೇಲೆ ಕೂರಿಸಿದರು. ನೊಂದವರು ಬಂದು ಪಕ್ಕದಲ್ಲಿ ಕೂತು ಹೇಳಿಕೊಳ್ಳುವುದು, ಅಜ್ಜಿ ಕೇಳುವುದು. ಅವರ ಶೋನಾ ಭಾಷೆಯಲ್ಲಿ ಖಿನ್ನತೆಯಂಥ ಈ ನೋವಿನ ಹೆಸರು ‘ಕುಫುಂಗಿಸಿಸಾ’. ಅರ್ಥ: ವಿಪರೀತ ಯೋಚನೆ. ನಮ್ಮ ಅಜ್ಜಿಯರ ‘ಯೋಚ್ನೆ ಹತ್ಕೊಂಡೈತೆ’ ಅನ್ನುವುದೂ ಅದೇ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣ ಉಳಿದದ್ದು ನೂರಕ್ಕೆ 14 ಮಂದಿಯಲ್ಲಿ. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 50 ಮಂದಿಯಲ್ಲಿ. ಆ ಅಜ್ಜಿಯರನ್ನು ‘ಪಾಪ’ ಎಂದು ಯಾರೂ ಮಾತಾಡಿಸಿದ್ದಲ್ಲ. ಅವರ ಬಳಿಗೆ ಜನ ತಮಗೆ ಬೇಕಾಗಿ ಬಂದರು.

ನೀವು ಮಾಡಬಹುದಾದದ್ದರ ದಾರಿಯೂ ಅಲ್ಲೇ ಇದೆ. ಅದಕ್ಕೂ ಮೊದಲು ಸಣ್ಣಪುಟ್ಟ ಕಾಗದ ಪತ್ರಗಳ ಕೆಲಸ. ಅಜ್ಜಿಗೆ ಪಿಂಚಣಿ ಬರುತ್ತಿದೆಯೇ ಕೇಳಿ. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ, ಅರ್ಜಿ ನಾಡಕಚೇರಿಯಲ್ಲಿ. ಮುಯ್ಯಿಯ ಹಣ ಅಜ್ಜಿಯ ಕೈಯಲ್ಲೇ ಇರಲಿ ಎಂದು ಮನೆಯವರಿಗೆ ಮೆಲ್ಲಗೆ ಹೇಳಿ. ಕಿವಿ ಪರೀಕ್ಷೆ ಮಾಡಿಸಿ. ಬಡ ವೃದ್ಧರಿಗೆ ಶ್ರವಣ ಸಾಧನ, ಊರುಗೋಲು, ಹಲ್ಲಿನ ಸೆಟ್ಟು ಕೊಡುವ ಕೇಂದ್ರದ ವಯೋಶ್ರೀ ಯೋಜನೆ 2017ರಿಂದ ಇದೆ. ಹಿರಿಯರ ಸಹಾಯವಾಣಿ 14567. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಲ್ಲೇ 1090 ಸಹಾಯವಾಣಿ ಶುರುಮಾಡಿದ್ದರು. ‘ಸಾಯಬೇಕು’ ಅನ್ನುವ ಮಾತು ಮತ್ತೆ ಮತ್ತೆ ಬಂದರೆ ತಡಮಾಡದೆ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಯಾರನ್ನು ನೋಡಿ ಬಹಳ ವರ್ಷವಾಯಿತು ಎಂದು ಅಜ್ಜಿಯನ್ನು ಕೇಳಿ, ಒಂದು ಭಾನುವಾರ ಜೊತೆಗೆ ಹೋಗಿ ಬನ್ನಿ. ಮೊದಲ ಸಲ ಬಸ್ಸಿನ ಮೆಟ್ಟಿಲಿಗೆ ಒಂದು ಕೈ ಬೇಕು, ಎರಡನೆಯ ಸಲ ಅವರೇ ಹೊರಡಬಹುದು.

ಮತ್ತೆ, ಅವರಿಂದ ಏನಾದರೂ ಕೇಳಿ ಪಡೆಯಿರಿ. ಮಾಗಿಯ ಕಾಲಕ್ಕೆ ಅವರೆಕಾಯಿ ಬರುತ್ತದಲ್ಲ, ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಪಾತ್ರೆ ಸಮೇತ ಅವರ ಬಾಗಿಲಿಗೆ ಹೋಗಿ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೊಂದೇ ಕಾಳು ಹಿಡಿದು ಒತ್ತಿದರೆ ಬೇಳೆ ಚಂಗನೆ ಆಚೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಆ ಬೆರಳುಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ‘ನನಗೆ ಸರಿಯಾಗಿ ಹಿದುಕೋಕೆ ಬರಲ್ಲ ಅಜ್ಜಿ, ಸಾರಿಗೆ ಎಷ್ಟು ಖಾರ ಹಾಕ್ಲಿ ಹೇಳಿ’ ಎಂದು ಎದುರು ಕೂತುಕೊಳ್ಳಿ. ಎರಡು ಸೇರು ಕಾಳು ಮುಗಿಯುವುದಕ್ಕೆ ಒಂದು ಗಂಟೆಯಾದರೂ ಬೇಕು.