ಸೊಂಟನೋವಿನ ಮೂಲ ಕೊಟ್ಟಿಗೆಯಲ್ಲಿದ್ದರೆ

ದನ, ಆಡು, ಕುರಿ ಸಾಕುವವರಿಗೆ ವಾರಗಟ್ಟಲೆ ಬಿಡದ ಸೊಂಟನೋವು, ಬಂದು ಹೋಗುವ ಜ್ವರ, ರಾತ್ರಿ ಮೈ ತೊಯ್ಯಿಸುವ ಬೆವರು ಇದ್ದರೆ ಅದನ್ನು ದುಡಿಮೆಯ ದಣಿವೆಂದು ತಳ್ಳಿಹಾಕುವಂತಿಲ್ಲ. ಅದು ಬ್ರುಸೆಲ್ಲೋಸಿಸ್ ಇರಬಹುದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎಳೆದವರಿಗೆ, ಹಸಿಹಾಲು ಕುಡಿದವರಿಗೆ ಇದು ಅಂಟುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಈ ರೋಗಾಣುವನ್ನು ಪತ್ತೆಹಚ್ಚಿದರು. ಅಲ್ಲಿ ಅದು ಹರಡುತ್ತಿದ್ದುದು ಆಡಿನ ಹಾಲಿನಿಂದ.

ಬೆನ್ನುಮೂಳೆಗೆ ಇಳಿದರೆ ಇದು ಹೆಚ್ಚಾಗಿ ಹಿಡಿಯುವುದು ಸೊಂಟದ ಭಾಗವನ್ನೇ. ನಮ್ಮಲ್ಲಿ ತೊಡಕಾಗುವುದು ಇಲ್ಲೇ: ಎಂಆರ್‌ಐ ಚಿತ್ರದಲ್ಲಿ ಇದು ಬೆನ್ನಿನ ಕ್ಷಯದಂತೆಯೂ ಕಾಣಬಹುದು. ಆದ್ದರಿಂದ ವೈದ್ಯರು ಕೇಳದಿದ್ದರೂ ಮನೆಯಲ್ಲಿ ದನಕರು ಇರುವುದನ್ನು ರೋಗಿಯೇ ಹೇಳಬೇಕು. ಬ್ರುಸೆಲ್ಲಾ ರಕ್ತಪರೀಕ್ಷೆಗೆ ದಾರಿಯಾಗುವುದು ಆ ಒಂದು ಮಾತೇ.

ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಸೇರಿದ ಚಿಕಿತ್ಸೆ ಸಾಮಾನ್ಯವಾಗಿ ಕನಿಷ್ಠ 12 ವಾರ ನಡೆಯುತ್ತದೆ. ಕೀವು ನರವನ್ನು ಒತ್ತಿ ಕಾಲಿನ ಬಲ ಕುಂದಿದಾಗ, ಮೂಳೆ ಕುಸಿದು ಬೆನ್ನು ಅಲುಗಾಡುವಂತಾದಾಗ, ಔಷಧಿಗೆ ರೋಗ ಬಗ್ಗದಾಗ ಮಾತ್ರ ಕತ್ತರಿ ಹಿಡಿಯುತ್ತಾರೆ. ಕೀವು ಹೊರತೆಗೆದು, ಕೊಳೆತ ಡಿಸ್ಕ್ ಮತ್ತು ಮೂಳೆಯ ಭಾಗವನ್ನು ಕೆರೆದು, ನರದ ಮೇಲಿನ ಒತ್ತಡ ಇಳಿಸಿ, ಅಗತ್ಯವಿದ್ದರೆ ತಿರುಪು-ಸರಳುಗಳಿಂದ ಬೆನ್ನುಮೂಳೆಯನ್ನು ಬಿಗಿಯುತ್ತಾರೆ. ತೆಗೆದ ಚೂರು ಪ್ರಯೋಗಾಲಯಕ್ಕೆ ಹೋಗುತ್ತದೆ.

ಹೊಲಿಗೆ ಬಿಚ್ಚಿದೊಡನೆ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ರೋಗಾಣುವನ್ನು ಕೊಲ್ಲುವುದು ಔಷಧಿಯೇ ಹೊರತು ಆಪರೇಷನ್ ಅಲ್ಲ.

ಹಾಲು ಕಾಯಿಸಿಯೇ ಕುಡಿಯಿರಿ, ಮಾಸು ಮುಟ್ಟುವಾಗ ಕೈಗವಸು ಇರಲಿ, 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ. ಕಾಲು ಸೋತು ಮೂತ್ರ ಕಟ್ಟಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.