ಸುತ್ತ ನಿಂತವರು ಯಾರು?

ಪುಟ್ಟೀ, ಜೂನ್‌ನಲ್ಲಿ ಹೊಸ ಶಾಲೆಗೆ ಹೋಗುತ್ತೀಯ, ಒಂಬತ್ತನೇ ಕ್ಲಾಸು. ಕನ್ನಡಕ ತೆಗೆಸಿ ಲೆನ್ಸ್ ಹಾಕಿಸಿದರೆ ಅಲ್ಲಿ ಯಾರೂ ರೇಗಿಸುವುದಿಲ್ಲ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಕಣ್ಣಿನ ಡಾಕ್ಟರು ಒಪ್ಪಿದರೆ ಹಾಕಿಸಿಕೋ, ನನ್ನ ಅಡ್ಡಿಯಿಲ್ಲ. ಆದರೆ ಕಾಟದಿಂದ ತಪ್ಪಿಸಿಕೊಳ್ಳುವ ದಾರಿ ಅದಲ್ಲ. ಬಹಳ ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವನು ನಾನು, ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಇಡೀ ಕ್ಲಾಸಿಗೆ ಬೇಕಾಗಿದ್ದ ಹುಡುಗರನ್ನು ನೋಡಿದ್ದೇನೆ. ಯಾವ ಕುಂದೂ ಇಲ್ಲದೆ, ಚೆನ್ನಾಗಿ ಓದುತ್ತಲೂ ಇದ್ದು, ಬಚ್ಚಲು ಮನೆ ಕಡೆ ಒಬ್ಬರೇ ಹೋಗಲು ಹೆದರುತ್ತಿದ್ದ ಹುಡುಗಿಯರನ್ನೂ ನೋಡಿದ್ದೇನೆ.

ಈ ವಿಷಯವನ್ನು ಮೊದಲು ಶಿಸ್ತಾಗಿ ಅಧ್ಯಯನ ಮಾಡಿದವರಲ್ಲಿ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞ ಮುಖ್ಯರು. 1970ರ ದಶಕದಲ್ಲಿ ಸ್ವೀಡನ್ನಿನ ಶಾಲೆಗಳ ಹುಡುಗರನ್ನು ಗಮನಿಸಿದರು. ದಪ್ಪ ಮೈ, ಕೆಂಪು ಕೂದಲು, ಕನ್ನಡಕ, ಬೇರೆ ಊರಿನ ಮಾತಿನ ಧಾಟಿ ಇವುಗಳಿಂದಲೇ ಮಕ್ಕಳು ಗೇಲಿಗೆ ಸಿಕ್ಕುತ್ತಾರೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಹೊರಗೆ ಕಾಣುವ ಇಂಥ ವ್ಯತ್ಯಾಸಗಳು ಅಷ್ಟೇನೂ ನಿರ್ಣಾಯಕವಲ್ಲ ಎಂದು ಅವರಿಗೆ ತಿಳಿಯಿತು. ಮೈಬಲ ಕಡಿಮೆಯಿರುವುದು, ತಾನಾಗಿ ಮುದುಡಿಕೊಳ್ಳುವುದು, ಜೊತೆಗೆ ಯಾರೂ ಇಲ್ಲದಿರುವುದು ಹೆಚ್ಚು ಲೆಕ್ಕಕ್ಕೆ ಬಂದವು. ಆಮೇಲೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು, ಮೈತೂಕ ಹೆಚ್ಚಿರುವ ಮಕ್ಕಳಿಗೆ, ಅಂಗವೈಕಲ್ಯ ಇರುವವರಿಗೆ ಕಾಟ ಹೆಚ್ಚು ಎಂದೂ ತೋರಿಸಿದವು. ಅದನ್ನು ಮುಚ್ಚಿಟ್ಟು ನಿನಗೆ ಸಮಾಧಾನ ಹೇಳಲಾರೆ. ಆದರೂ ನನ್ನ ಅನುಭವ ಇಷ್ಟು: ಬಣ್ಣ, ಬೊಜ್ಜು, ತೊದಲು ಇವೆಲ್ಲ ಬಾಯಿಗೆ ಸಿಗುವ ನೆಪ. ಕಾಟ ಕೊಡುವವನು ಮೊದಲು ನೋಡುವುದು, ಇವಳನ್ನು ಮುಟ್ಟಿದರೆ ಯಾರು ಕೇಳುತ್ತಾರೆ ಅನ್ನುವುದನ್ನು. ಯಾರೂ ಕೇಳುವವರಿಲ್ಲ ಅಂತ ಗೊತ್ತಾದ ಮೇಲೆ ನೆಪ ಹುಡುಕುವುದು ಎಷ್ಟು ಹೊತ್ತು?

ಅದಕ್ಕೇ ವರ್ಷದ ನಡುವೆ ಸೇರಿದ ಮಗು, ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದವಳು, ಹಳ್ಳಿಯಿಂದ ಹಾಸ್ಟೆಲ್ಲಿಗೆ ಬಂದವನು ಮೊದಲ ತಿಂಗಳಲ್ಲೇ ಸಿಕ್ಕಿಬೀಳುವುದು. ಅವರ ಭಾಷೆಯಲ್ಲಿ, ಬಟ್ಟೆಯಲ್ಲಿ ತಪ್ಪೇನೂ ಇಲ್ಲ, ಅವರ ಪಕ್ಕದ ಜಾಗ ಖಾಲಿಯಿದೆ ಅಷ್ಟೆ.

ಹಾಗಂತ ಮೆತ್ತಗಿರುವವರಿಗೆ ಮಾತ್ರ ಇದು ಅಂದುಕೊಳ್ಳಬೇಡ. ರಾಬರ್ಟ್ ಫ್ಯಾರಿಸ್ ಮತ್ತು ಡಯೇನ್ ಫೆಲ್ಮ್‌ಲೀ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ನಾರ್ತ್ ಕ್ಯಾರೊಲಿನಾ ಶಾಲೆಗಳ ಅಧ್ಯಯನವನ್ನು 2014ರಲ್ಲಿ ಪ್ರಕಟಿಸಿದರು. ಶಾಲೆಯಲ್ಲಿ ಹೆಸರು ಮಾಡುತ್ತ ಮೇಲೇರುವ ಮಕ್ಕಳ ಮೇಲೂ ಕಾಟ ಏರುತ್ತಲೇ ಹೋಗುತ್ತದೆ, ತೀರಾ ತುದಿಗೆ ತಲುಪಿದ ಕೆಲವರಿಗೆ ಮಾತ್ರ ಬಿಡುಗಡೆ ಎಂದು ಅದರಲ್ಲಿ ಕಂಡುಬಂತು. ನೀನು ಥ್ರೋಬಾಲ್ ಟೀಮಿಗೆ ಆಯ್ಕೆಯಾದ ವಾರವೇ ಗೆಳತಿಯೊಬ್ಬಳು ಮಾತು ಬಿಟ್ಟರೆ, ನಿನ್ನ ಬಗ್ಗೆ ಇಲ್ಲದ್ದು ಹಬ್ಬಿದರೆ, ನಾನೇನು ತಪ್ಪು ಮಾಡಿದೆ ಅಂತ ಕೊರಗುತ್ತ ಕೂರಬೇಡ.

ದೊಡ್ಡವರ ಪಾಲನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಮಕ್ಕಳ ಮೇಲೆ ಹಾಕಿ ನಾವು ಕೈತೊಳೆದುಕೊಳ್ಳುತ್ತೇವೆ. ಮೇಷ್ಟ್ರು ಒಂದು ಸಲ ಹಾಜರಿ ಕೂಗುವಾಗ ಹುಡುಗನನ್ನು ಅಡ್ಡಹೆಸರಿನಿಂದ ಕರೆದು ನಕ್ಕರೆ ಸಾಕು, ಆ ಹೆಸರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಬಿಡುವುದಿಲ್ಲ. ಸ್ಕಾಲರ್‌ಶಿಪ್ ಫಾರಂ ಕೊಡುವಾಗ ಜಾತಿಯ ಹೆಸರು ಹಿಡಿದು ಮಕ್ಕಳನ್ನು ಎದ್ದು ನಿಲ್ಲಿಸುವುದನ್ನು ಸ್ಟಾಫ್ ರೂಮಿನಲ್ಲಿ ನಾನು ವಿರೋಧಿಸುತ್ತಲೇ ಬಂದೆ. ಒಬ್ಬೊಬ್ಬರನ್ನೇ ಕರೆದು ಕೊಡಲು ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಐದು ನಿಮಿಷ ಉಳಿಸಲು ಹೋಗಿ ನಲವತ್ತು ಜನರ ಮುಂದೆ ಯಾರನ್ನು ಕೀಳಾಗಿ ಕಾಣಬಹುದು ಅಂತ ಬೆರಳು ಮಾಡಿ ತೋರಿಸಿದ ಹಾಗಾಗುತ್ತದೆ. ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ನಿನ್ನ ಮೇಷ್ಟ್ರು ಹಾಗೆ ಮಾಡಿದರೆ ಮನೆಯಲ್ಲಿ ಹೇಳು. ಅದು ಚಾಡಿಯಲ್ಲ.

ನೀನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕಾದದ್ದು ಮುಂದಿನದು. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಅವರ ಸಂಗಡಿಗರು 1996ರಲ್ಲಿ, ಕಾಟ ನಡೆಯುವ ಹೊತ್ತಿನಲ್ಲಿ ಒಂದು ಕ್ಲಾಸಿನ ಯಾರು ಯಾರು ಏನೇನು ಮಾಡುತ್ತಾರೆ ಎಂದು ವಿಂಗಡಿಸಿದರು. ಕಾಟ ಕೊಡುವವನ ಜೊತೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ನನಗ್ಯಾಕೆ ಎಂದು ದೂರ ಸರಿಯುವವರು, ಅಡ್ಡ ನಿಲ್ಲುವವರು. ಆ ತಿಳಿವಳಿಕೆಯ ಮೇಲೆ ಕಟ್ಟಿದ ಕೀವಾ ಎಂಬ ಕಾರ್ಯಕ್ರಮವನ್ನು 2009ರಿಂದ ಆ ದೇಶದ ಶಾಲೆಗಳಲ್ಲಿ ಹರಡಿದರು. ಅದು ಮುಖ್ಯವಾಗಿ ಪಳಗಿಸುವುದು ನೋಡುತ್ತ ನಿಂತವರನ್ನು. ಕೆನಡಾದ ಟೊರೊಂಟೊದಲ್ಲಿ ಆಟದ ಬಯಲುಗಳ ವಿಡಿಯೋ ತೆಗೆದು ಮಾಡಿದ ಅಧ್ಯಯನ 2001ರಲ್ಲಿ ಬಂತು. ಕಾಟ ನಡೆದಾಗ ಹತ್ತರಲ್ಲಿ ಸುಮಾರು ಒಂಬತ್ತು ಸಲ ಬೇರೆ ಮಕ್ಕಳು ಅಲ್ಲೇ ಇದ್ದರು, ಅಡ್ಡ ಬಂದದ್ದು ಐದರಲ್ಲಿ ಒಂದು ಸಲವೂ ಅಲ್ಲ. ಆದರೆ ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತ್ತು. ಹತ್ತು ಸೆಕೆಂಡು, ಪುಟ್ಟೀ! ಅಡ್ಡ ಬರುವುದೆಂದರೆ ಜಗಳಕ್ಕೆ ನಿಲ್ಲುವುದಲ್ಲ. "ಸಾಕು ಬಿಡ್ರೋ" ಅನ್ನಬಹುದು. ಅದೂ ಬಾಯಿಗೆ ಬರದಿದ್ದರೆ "ಬಾರೇ, ಕ್ಯಾಂಟೀನಿಗೆ ಹೋಗೋಣ" ಅಂತ ಆ ಹುಡುಗಿಯ ಕೈಹಿಡಿದು ಕರೆದುಕೊಂಡು ಹೋಗಬಹುದು. ಏನೂ ಆಗದಿದ್ದರೆ ನಗಬೇಡ. ನಗು ಸಿಗದ ಗೇಲಿ ಬೇಗ ಸೊರಗುತ್ತದೆ.

ಕಾಟ ನಿನಗೇ ಬಂದರೆ? ಹೊಸ ಶಾಲೆಯಲ್ಲಿ ಹತ್ತು ಜನರ ಗುಂಪು ಹುಡುಕುತ್ತ ಅಲೆಯಬೇಡ. ನಿನ್ನನ್ನು ಗೆಳತಿ ಅಂತ ಅವಳೂ ಎಣಿಸುವ ಒಬ್ಬಳು ಸಾಕು. ಅಂಥ ಒಂದು ಸ್ನೇಹವಿರುವ ಮಕ್ಕಳಲ್ಲಿ ಕಾಟವೂ ಅದರ ನೋವೂ ಬೆಳೆಯುತ್ತ ಹೋಗುವ ಸುಳಿ ಕಡಿಯುತ್ತದೆ ಎಂದು 1999ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿದೆ. ಯಾರಾದರೂ ಕೆಣಕಿದರೆ ಒಂದು ಮಾತು ಹೇಳಿ ಅಲ್ಲಿಂದ ನಡೆದುಬಿಡು. ಉರಿದುಬಿದ್ದು ಕೈಯೆತ್ತಿದರೆ ಅವರಿಗೆ ಇನ್ನೂ ಮಜಾ, ಕೊನೆಗೆ ಹೆಡ್‌ಮಾಸ್ಟರ ಮುಂದೆ ನಿಲ್ಲುವವಳು ನೀನೇ. ವಾಟ್ಸಾಪ್ ಗ್ರೂಪಿನಲ್ಲಿ ಕೆಟ್ಟದ್ದು ಹಾಕಿದರೆ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು, ಉತ್ತರ ಬರೆಯಬೇಡ. ಒಬ್ಬ ಟೀಚರಿಗೆ ಹೇಳಿ ಪ್ರಯೋಜನವಾಗದಿದ್ದರೆ ಇನ್ನೊಬ್ಬರಿಗೆ ಹೇಳು, ಆಮೇಲೆ ಅಪ್ಪ ಅಮ್ಮನಿಗೆ, ನನಗೆ. ಮನೆಯವರ ಹತ್ತಿರ ಬಾಯಿಬಿಡಲಾಗದ ದಿನಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡನ್ನೂ ಡೈರಿಯಲ್ಲಿ ಬರೆದುಕೋ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಹೊಸ ಜಾಗದಲ್ಲಿ ನಾಲ್ಕು ಜನರಿಗೆ ಬೇಕಾಗಲು ಐದನೆಯವಳನ್ನು ಆಡಿಕೊಳ್ಳುವುದು ಬಹಳ ಸುಲಭ, ಒಳ್ಳೆಯ ಮನೆಯ ಮಕ್ಕಳೂ ಮಾಡುತ್ತಾರೆ. ನೀನೂ ಹಾಗೆ ಯಾರನ್ನಾದರೂ ನಗಿಸಲು ಯಾರನ್ನಾದರೂ ನೋಯಿಸಿದರೆ, ಸಂಜೆ ಗುಟ್ಟಾಗಿ ಸಾರಿ ಎಂದು ಮೆಸೇಜ್ ಕಳಿಸಿ ಮುಗಿಸಬೇಡ. ಅವಳಿಗೆ ಅವಮಾನವಾದದ್ದು ಇಡೀ ಬೆಂಚಿನ ಮುಂದೆ. ಅದೇ ಬೆಂಚಿನವರು ಕೇಳುವ ಹಾಗೆ, ನಿನ್ನೆ ಅಂದದ್ದು ತಪ್ಪು ಅಂತ ಹೇಳು.