ಕನಸಿನಲ್ಲಿ ಕುಡುಗೋಲು ಹಿಡಿದರೆ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೋಳಿ ಕೊಯ್ಯುವುದನ್ನೂ ನೋಡಲಾರದವಳು. ಈಚೆಗೆ ಕನಸಿನಲ್ಲಿ ಕುಡುಗೋಲು ಹಿಡಿದು ಯಾರನ್ನೋ ಕಡಿಯುತ್ತಿರುತ್ತೇನೆ. ಒಮ್ಮೆಯಂತೂ ಅದು ನನ್ನ ನಾದಿನಿಯೇ ಆಗಿದ್ದಳು! ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಅತ್ತೆ ಹೆದರಿಸುತ್ತಾರೆ. ಸ್ವಪ್ನಫಲದ ಪುಸ್ತಕದಲ್ಲಿ ನೋಡಿದರೆ ರಕ್ತ ಕಂಡರೆ ಧನಲಾಭ ಎಂದಿದೆ. ಯಾವುದನ್ನು ನಂಬಲಿ? ನನ್ನೊಳಗೆ ಕೊಲೆಗಾತಿ ಇದ್ದಾಳೆಯೇ? (ನಮ್ಮ ಮನೆಯವರಿಗೂ ಇಂಥ ಕನಸು ಬೀಳುತ್ತವೆ. ವಯಸ್ಸು 58. ನಿದ್ದೆಯಲ್ಲೇ ಕೂಗಿ ಗೋಡೆಗೆ ಗುದ್ದುತ್ತಾರೆ, ನನಗೂ ಒಂದೆರಡು ಏಟು ಬಿದ್ದಿವೆ. ಅದು ಬೇರೆ ವಿಷಯ ಬಿಡಿ.)

ಉತ್ತರ: ಕೊಲೆಗಾತಿ ಇಲ್ಲ. ಧನಲಾಭವೂ ಇಲ್ಲ, ಕ್ಷಮಿಸಿ. ಆದರೆ ಕಂಸದೊಳಗೆ ಹಾಕಿ ಬಿಟ್ಟುಬಿಡಿ ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನಿಜಕ್ಕೂ ಗಂಭೀರವಾದದ್ದು ಅದೊಂದೇ. ಅದಕ್ಕೆ ಬರುತ್ತೇನೆ, ಮೊದಲು ನಿಮ್ಮ ಕುಡುಗೋಲು.

ಕನಸಿನಲ್ಲಿ ಹೊಡೆದಾಟ ಅಪರೂಪವಲ್ಲ. ಕ್ಯಾಲ್ವಿನ್ ಹಾಲ್ ಮತ್ತು ರಾಬರ್ಟ್ ವ್ಯಾನ್ ಡಿ ಕ್ಯಾಸಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗ ಹುಡುಗಿಯರ 1000 ಕನಸುಗಳನ್ನು ಎಣಿಸಿ, ವಿಂಗಡಿಸಿ 1966ರಲ್ಲಿ ಪುಸ್ತಕ ಮಾಡಿದರು. ಹೆಚ್ಚುಕಡಿಮೆ ಅರ್ಧದಷ್ಟು ಕನಸುಗಳಲ್ಲಿ ಬೈಗುಳವೋ ಬೆನ್ನಟ್ಟುವುದೋ ಬಡಿದಾಟವೋ ಏನಾದರೊಂದು ಇತ್ತು. ಆ ಮಕ್ಕಳೆಲ್ಲ ಮುಂದೆ ಜೈಲಿಗೆ ಹೋಗಲಿಲ್ಲ. ನಾವು ಕನಸು ಕಾಣುವ ಹೊತ್ತಿನಲ್ಲಿ ಮಿದುಳಿನೊಳಗೆ ಭಯ, ಸಿಟ್ಟುಗಳನ್ನು ಎಬ್ಬಿಸುವ ಭಾಗಗಳು ಚುರುಕಾಗಿರುತ್ತವೆ. ಹಿಂದುಮುಂದು ಯೋಚಿಸಿ ತಡೆಯುವ ಮುಂಭಾಗ ಮಂಕಾಗಿರುತ್ತದೆ. ತಡೆಯುವವರಿಲ್ಲದ ಸಿಟ್ಟು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಬೇಸಾಯದ ಮನೆಯಲ್ಲಿ ಬೆಳೆದವರಾದರೆ ಕುಡುಗೋಲೇ ಸಿಕ್ಕೀತು.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕನಸು ದಟ್ಟವಾಗಿ ಬೀಳುವ ನಿದ್ದೆಯ ಘಟ್ಟಗಳು ರಾತ್ರಿಯ ಮೊದಲಲ್ಲಿ ಚಿಕ್ಕವು, ಬೆಳಗಾಗುತ್ತ ಉದ್ದವಾಗುತ್ತವೆ. ಅದರ ನಡುವೆಯೇ ಎಚ್ಚರವಾಗುವುದರಿಂದ ಜಾವದ ಕನಸು ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ. ನೆನಪಿರುವುದು ಬೇರೆ, ನಿಜವಾಗುವುದು ಬೇರೆ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ, ಅಶ್ವತ್ಥಾಮ ತಮ್ಮನ್ನು ಕೊಲ್ಲುವುದನ್ನು ಪಾಂಡವರ ಕಡೆಯ ಯೋಧರು ಯುದ್ಧ ಶುರುವಾದಂದಿನಿಂದ ಕನಸಿನಲ್ಲಿ ಕಾಣುತ್ತಿದ್ದರು ಎಂದು ಬರುತ್ತದೆ, ಕೊನೆಗೆ ಹಾಗೇ ಆಗುತ್ತದೆ. ಆದರೆ ಕಥೆಯ ಕೊನೆ ವ್ಯಾಸರಿಗೆ ಮೊದಲೇ ಗೊತ್ತಿತ್ತು.

ಶಾಸ್ತ್ರ ಬೇಕೇ ಬೇಕು ಎಂದು ಅತ್ತೆ ಹಟ ಹಿಡಿದರೆ ಚರಕಸಂಹಿತೆಯ ಇಂದ್ರಿಯಸ್ಥಾನವನ್ನು ಮುಂದಿಡಿ. ಅಲ್ಲಿ ಕನಸಿನಲ್ಲಿ ಏಳು ಬಗೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಈ ಐದಕ್ಕೂ ಫಲವಿಲ್ಲ ಎಂದು ಚರಕ ಬದಿಗಿಡುತ್ತಾನೆ. ಉಳಿದ ಎರಡರಲ್ಲಿ ಒಂದು ಮುಂದಾಗುವುದನ್ನು ಸೂಚಿಸುವಂಥದ್ದು, ಇನ್ನೊಂದು ಮೈಯಲ್ಲಿ ದೋಷ ಕೆರಳಿ ಬೀಳುವಂಥದ್ದು. ಮುನ್ಸೂಚನೆಯನ್ನು ನಾನು ಒಪ್ಪುವುದಿಲ್ಲ. ಮೈಯ ಕಾರಣವನ್ನು ಒಪ್ಪುತ್ತೇನೆ: ಜ್ವರ, ಕುಡಿತ ದಿಢೀರನೆ ಬಿಟ್ಟದ್ದು, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್‌ನಂಥ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಇವೆಲ್ಲ ದುಃಸ್ವಪ್ನ ತರಬಲ್ಲವು. ಈಚೆಗೆ ಹೊಸ ಮಾತ್ರೆ ಶುರುಮಾಡಿದ್ದೀರಾ? ಸ್ವಪ್ನಫಲ ನೋಡುವ ಮೊದಲು ಔಷಧದ ಚೀಟಿ ನೋಡಿ. ಆದರೆ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ನಾದಿನಿಯ ವಿಷಯಕ್ಕೆ ಫ್ರಾಯ್ಡ್ ಆಗಿದ್ದರೆ ಅಡಗಿದ ಬಯಕೆಯ ಮಾತೆತ್ತುತ್ತಿದ್ದ. ಅವನ ಕನಸುಗಳ ಪುಸ್ತಕ 1899ರ ನವೆಂಬರ್‌ನಲ್ಲೇ ಹೊರಬಂದರೂ ಅದರ ಮೇಲೆ ಅಚ್ಚಾದದ್ದು 1900. ಹೊಸ ಶತಮಾನದ ಪುಸ್ತಕ ಎನಿಸಿಕೊಳ್ಳುವ ಬಯಕೆ ಅಷ್ಟೇನೂ ಅಡಗಿರಲಿಲ್ಲ. ನನ್ನನ್ನು ಕೇಳಿದರೆ, ನಾದಿನಿಯ ಮೇಲೆ ಸಿಟ್ಟಿದ್ದರೆ ಅದು ನಿಮಗೆ ಹಗಲಿನಲ್ಲೇ ಗೊತ್ತಿರುತ್ತದೆ, ಕನಸು ಬಂದು ಹೇಳಬೇಕಿಲ್ಲ. ಕತ್ತಿಗೆ ಏನರ್ಥ, ರಕ್ತಕ್ಕೆ ಏನರ್ಥ ಎಂದು ಹುಡುಕುವುದಕ್ಕಿಂತ ಎದ್ದಾಗ ಮನಸ್ಸಿನಲ್ಲಿ ಏನಿತ್ತು, ಹಿಂದಿನ ದಿನ ಅದೇ ಭಾವ ಎಲ್ಲಿ ತಲೆಯೆತ್ತಿತ್ತು ಎಂದು ನೋಡುವುದು ಉಪಯೋಗದ ಕೆಲಸ.

ಒಂದೇ ಕನಸು ಮತ್ತೆ ಮತ್ತೆ ಬಿದ್ದು ನಿದ್ದೆ ಕೆಡುತ್ತಿದ್ದರೆ ಒಂದು ಸರಳ ಉಪಾಯವಿದೆ. ಹಗಲಿನಲ್ಲಿ ಕೂತು ಆ ಕನಸನ್ನು ಬರೆಯಿರಿ, ಎಲ್ಲಿ ಬೇಕೋ ಅಲ್ಲಿ ಕಥೆ ಬದಲಿಸಿ, ಹೊಸ ಕಥೆಯನ್ನು ದಿನಾ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಆಡಿಸಿ. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೊವ್ ಮತ್ತು ಜೊತೆಗಾರರು ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ, ದುಃಸ್ವಪ್ನ ಕಡಿಮೆಯಾದದ್ದನ್ನು 2001ರಲ್ಲಿ ಪ್ರಕಟಿಸಿದರು. ನಿಜವಾಗಿ ನಡೆದ ಹಿಂಸೆಯೇ ಕನಸಾಗಿ ಮರಳುತ್ತಿದ್ದರೆ ಮಾತ್ರ ಒಬ್ಬರೇ ಮಾಡುವುದು ಬೇಡ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಮನೆಯವರು. ನಿಮ್ಮ ಕೈ ಕನಸಿನಲ್ಲಿ ಮಾತ್ರ ಕುಡುಗೋಲು ಬೀಸಿತು, ಅವರ ಕೈ ನಿಜವಾಗಿ ಗೋಡೆಗೆ ಬಡಿಯಿತು. ಕನಸಿನ ನಿದ್ದೆಯಲ್ಲಿ ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟರೆ ಮೈ ಸಡಿಲಗೊಂಡು ಅಲುಗಾಡದೆ ಇರಬೇಕು. ಮಿದುಳಕಾಂಡದ ಆ ತಡೆ ಸಡಿಲಗೊಂಡರೆ ಕನಸಿನ ಜಗಳ ಹಾಸಿಗೆಗೆ ಬರುತ್ತದೆ. ಮಿನಿಯಾಪೊಲಿಸ್‌ನ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್ 1986ರಲ್ಲಿ ಈ ತೊಂದರೆಯನ್ನು ವಿವರಿಸಿದರು. ಹೆಚ್ಚಾಗಿ ಕಾಣುವುದು 50 ದಾಟಿದ ಗಂಡಸರಲ್ಲಿ. ಯಾರೋ ಮೇಲೆ ಬಿದ್ದಂತೆ, ತಾವು ತಡೆಯುತ್ತಿರುವಂತೆ ಅವರಿಗೆ ಕನಸು. ಹಗಲಿನಲ್ಲಿ ನೋಡಿದರೆ ಬಹಳ ಮಂದಿ ಸಾಧು ಸ್ವಭಾವದವರು, ಆದ್ದರಿಂದ ಏಟು ಬಿತ್ತೆಂದು ಅವರ ಮೇಲೆ ಮುನಿಸಿಕೊಳ್ಳಬೇಡಿ.

ಇದನ್ನು ಕನಸಿನ ಪುಸ್ತಕಕ್ಕಲ್ಲ, ನರರೋಗ ತಜ್ಞರಿಗೆ ತೋರಿಸಬೇಕು. ಕೆಲವರಲ್ಲಿ ಇದಕ್ಕೆ ಮಾತ್ರೆಯೋ ಗೊರಕೆಯ ಜೊತೆ ಉಸಿರು ಕಟ್ಟುವ ತೊಂದರೆಯೋ ಕಾರಣ. ಇನ್ನು ಕೆಲವರಲ್ಲಿ ಇದು ಪಾರ್ಕಿನ್ಸನ್‌ನಂಥ ಕಾಯಿಲೆಗೆ ವರ್ಷಗಟ್ಟಲೆ ಮುಂಚೆ ಕಾಣಿಸುವ ಲಕ್ಷಣ. ರಾತ್ರಿಯಿಡೀ ನಿದ್ದೆಯನ್ನು ದಾಖಲಿಸುವ ಪರೀಕ್ಷೆ ಮಾಡಿದರೆ ಉಸಿರು ಕಟ್ಟುವ ತೊಂದರೆಯೋ ಸ್ನಾಯುಗಳ ತಡೆ ಸಡಿಲಗೊಂಡದ್ದೋ ಎಂದು ಗೊತ್ತಾಗುತ್ತದೆ. ವಾಸನೆ ತಿಳಿಯುವುದು ಕಡಿಮೆಯಾಗಿದೆಯೇ, ಮಲಬದ್ಧತೆ ಇದೆಯೇ, ಕೈ ನಡುಗುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ, ಗಮನಿಸಿಕೊಂಡು ಹೋಗಿ. ಮುಂದಿನ ಸಲ ಗುದ್ದಾಡಿದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಅಲ್ಲಿಯವರೆಗೆ ಮಂಚದ ಪಕ್ಕದ ಗಾಜು, ಸ್ಟೂಲು ತೆಗೆದಿಡಿ, ನೀವು ಬೇರೆ ಹಾಸಿಗೆಯಲ್ಲಿ ಮಲಗಿ.